ಲ್ಯಾಪ್‌ಟಾಪ್ ಸೌಂಡ್ ತಾನಾಗಿಯೇ ಏರಿಳಿಯುತ್ತಿದೆಯಾ? ಮೊದಲು ವಾಲ್ಯೂಮ್ ನಂಬರ್ ನೋಡಿ

ನಮ್ಮ ಅಪ್ಪನಿಗೆ ರಾತ್ರಿ ಊಟ ಆದಮೇಲೆ ಸ್ವಲ್ಪ ಹೊತ್ತು ತಾಳಮದ್ದಳೆ ಕೇಳದಿದ್ದರೆ ನಿದ್ದೆ ಬರುವುದಿಲ್ಲ. ಫೋನಿನ ಸದ್ದು ಸಾಲುವುದಿಲ್ಲ ಅಂತ ನನ್ನ ಹಳೇ ಲ್ಯಾಪ್‌ಟಾಪ್ ಮಂಚದ ಪಕ್ಕ ಇಟ್ಟುಕೊಂಡಿದ್ದಾರೆ. ಹೋದ ಮಳೆಗಾಲದಲ್ಲಿ ಊರಿಗೆ ಹೋದಾಗ, "ಇದರ ಸ್ಪೀಕರ್ ಹೋಗಿದೆ ಮಾರಾಯ, ಭಾಗವತರ ಪದ ಚಂದ ಕೇಳ್ತಾ ಇರ್ತದೆ, ಚೆಂಡೆಗೆ ಒಂದು ಪೆಟ್ಟು ಬಿದ್ದ ಕೂಡಲೇ ಯಾರೋ ಬಾಗಿಲು ಹಾಕಿದ ಹಾಗೆ ಆಗ್ತದೆ" ಅಂದರು. ಪೇಟೆಯ ಅಂಗಡಿಯಲ್ಲಿ ತೋರಿಸಿದ್ದರಂತೆ. ಸ್ಪೀಕರ್ ಬದಲಿಸಬೇಕು, 2,800 ರೂಪಾಯಿ ಅಂದಿದ್ದರಂತೆ.

ಪಕ್ಕದಲ್ಲಿ ಕೂತು ನಾನೂ ಕೇಳಿದೆ. ಅವರು ಹೇಳಿದ್ದು ಅಕ್ಷರಶಃ ನಿಜ. ಪದ ಮೆಲ್ಲಗೆ ಶುರುವಾದಾಗ ಭಾಗವತರು ಎದುರಿಗೇ ಕೂತ ಹಾಗೆ ಕೇಳುತ್ತಿತ್ತು. ಚೆಂಡೆ ಬಿದ್ದ ತಕ್ಷಣ ಚೆಂಡೆಯೂ ಮಂಕಾಗುತ್ತಿತ್ತು, ಹಾಡೂ ಹಿಂದೆ ಸರಿಯುತ್ತಿತ್ತು, ಪೆಟ್ಟು ನಿಂತು ಒಂದೆರಡು ಸೆಕೆಂಡ್ ಆದಮೇಲೆ ಎಲ್ಲ ಮತ್ತೆ ಮೆಲ್ಲಗೆ ಮೇಲೆ ಬರುತ್ತಿತ್ತು. ಆದರೆ ಪರದೆಯ ಮೂಲೆಯಲ್ಲಿ ವಾಲ್ಯೂಮ್ ನಂಬರ್ 60ರಲ್ಲೇ ಇತ್ತು, ಒಂದು ಅಂಕಿಯೂ ಅಲ್ಲಾಡಲಿಲ್ಲ. ಸ್ಪೀಕರ್ ಹಾಳಾದರೆ ಸದ್ದು ಒಡೆಯುತ್ತದೆ, ಗರಗರ ಅನ್ನುತ್ತದೆ. ಚೆಂಡೆಯ ಪೆಟ್ಟು ನೋಡಿಕೊಂಡು ಅಷ್ಟು ಲೆಕ್ಕಾಚಾರವಾಗಿ ಇಳಿದು ಏರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಒಂದೇ ಒಂದು ಸ್ವಿಚ್ ಆಫ್ ಮಾಡಿದೆ, ಸರಿಯಾಯಿತು.

ಅದು ಯಾವ ಸ್ವಿಚ್ ಅಂತ ಮುಂದೆ ಹೇಳುತ್ತೇನೆ. ಆದರೆ ನಿಮ್ಮ ಲ್ಯಾಪ್‌ಟಾಪ್‌ಗೂ ಅದೇ ಮದ್ದು ಆಗಬೇಕು ಅಂತೇನಿಲ್ಲ. ಸೌಂಡ್ ತಾನಾಗಿ ಬದಲಾಗುವುದಕ್ಕೆ ಹತ್ತಾರು ಕಾರಣಗಳಿವೆ, ಅದಕ್ಕೇ ಜನ ಸಿಕ್ಕಿದ ಸೆಟ್ಟಿಂಗ್ ಎಲ್ಲ ಒತ್ತಿ, ಡ್ರೈವರ್ (ಸೌಂಡ್ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್) ತೆಗೆದು ಹಾಕಿ, ಕೊನೆಗೆ ಫಾರ್ಮ್ಯಾಟ್ ಮಾಡಿ ಸುಸ್ತಾಗುತ್ತಾರೆ. ಐದು ನಿಮಿಷದ ಒಂದು ಪರೀಕ್ಷೆ ಮೊದಲು ಮಾಡಿದರೆ ಆ ಹತ್ತಾರರಲ್ಲಿ ಅರ್ಧ ಕಾರಣಗಳು ಅಲ್ಲೇ ಬಿಟ್ಟುಹೋಗುತ್ತವೆ.

ತಂಬೂರಿ ಪರೀಕ್ಷೆ

ಯೂಟ್ಯೂಬ್‌ನಲ್ಲಿ ಬರೀ ತಂಬೂರಿ ಶ್ರುತಿ ಇರುವ ಒಂದು ರೆಕಾರ್ಡಿಂಗ್ ಹಾಕಿ. ಹಾಡು ಬೇಡ, ತಬಲಾ ಬೇಡ. ಶ್ರುತಿ ಮೊದಲಿನಿಂದ ಕೊನೆಯವರೆಗೆ ಒಂದೇ ಮಟ್ಟದಲ್ಲಿ ಇರುತ್ತದೆ, ಹಾಗಾಗಿ ಸ್ವಲ್ಪ ಏರಿದರೂ ಇಳಿದರೂ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಸಿನಿಮಾ ಹಾಕಿಕೊಂಡು ಪರೀಕ್ಷೆ ಮಾಡಿದರೆ ಸಿನಿಮಾದ್ದೇ ಏರಿಳಿತ ಯಾವುದು, ಲ್ಯಾಪ್‌ಟಾಪಿನದು ಯಾವುದು ಅಂತ ತಿಳಿಯುವುದೇ ಇಲ್ಲ.

ಈಗ ಸೆಟ್ಟಿಂಗ್ಸ್ ತೆರೆದು 'ಸಿಸ್ಟಮ್', ಅದರೊಳಗೆ 'ಸೌಂಡ್' ಪುಟದಲ್ಲಿ ವಾಲ್ಯೂಮ್ 50ಕ್ಕೆ ಇಡಿ, ಆ ಪುಟ ತೆರೆದೇ ಇರಲಿ. ಲ್ಯಾಪ್‌ಟಾಪಿನಿಂದ ಕೈ ತೆಗೆಯಿರಿ. ಮೌಸ್ ಮುಟ್ಟಬೇಡಿ, ಟಚ್‌ಪ್ಯಾಡ್ ಮೇಲೆ ಅಂಗೈ ಇಡಬೇಡಿ. ಐದು ನಿಮಿಷ ಸುಮ್ನೆ ಕೇಳಿ, ನಡುನಡುವೆ ಆ ಪುಟದ ವಾಲ್ಯೂಮ್ ನಂಬರ್ ನೋಡಿ.

ಸದ್ದು ಬದಲಾದಾಗ ನಂಬರ್ ಕೂಡ ಬದಲಾಯಿತು ಅಂದರೆ ಯಾರೋ ವಾಲ್ಯೂಮ್ ಗುಂಡಿಯನ್ನು ಒತ್ತುತ್ತಿದ್ದಾರೆ ಅಂತ ಅರ್ಥ. ಆ 'ಯಾರೋ' ಒಂದು ಕೀ ಇರಬಹುದು, ಮೌಸ್ ಚಕ್ರ ಇರಬಹುದು, ಇಯರ್‌ಫೋನ್ ಜಾಕ್ ಇರಬಹುದು. ನಂಬರ್ ಅಲ್ಲೇ ಇದ್ದು ಸದ್ದು ಮಾತ್ರ ಬದಲಾದರೆ, ಹೆಚ್ಚಿನ ಸಲ ಸ್ಪೀಕರ್‌ಗೆ ಹೋಗುವ ದಾರಿಯಲ್ಲಿ ಯಾವುದೋ ಸಾಫ್ಟ್‌ವೇರ್ ಸದ್ದನ್ನು ತಿದ್ದುತ್ತಿರುತ್ತದೆ. ಐದು ನಿಮಿಷದಲ್ಲಿ ಏನೂ ಆಗಲಿಲ್ಲವಾ? ಹಾಗಾದರೆ ಹಾಡುವವರೂ ಇರುವ ಒಂದು ಹಿಂದೂಸ್ತಾನಿ ಖಯಾಲ್ ಹಾಕಿ. ಗಾಯಕರು ಉಸಿರಿಗೆ ನಿಂತಾಗ ಹಿಂದಿನ ತಂಬೂರಿ ಉಬ್ಬಿ ಮುಂದೆ ಬಂದು, ಅವರು ಮತ್ತೆ ಸ್ವರ ಹಚ್ಚಿದ ಕೂಡಲೇ ಅಡಗಿದರೆ ಅದೂ ಈ ಎರಡನೇ ಗುಂಪಿಗೇ ಸೇರಿದ್ದು. ನಮ್ಮ ಅಪ್ಪನ ಲ್ಯಾಪ್‌ಟಾಪ್‌ಗೆ ಆಗಿದ್ದು ಇದೇ.

ಮುಂದೆ ಹೇಳುವ ಮೆನು ಹೆಸರುಗಳೆಲ್ಲ ವಿಂಡೋಸ್ 11ರ ಇಂಗ್ಲಿಷ್ ಮೆನುವಿನವು. ವಿಂಡೋಸ್ ಅನ್ನು ಕನ್ನಡದಲ್ಲಿ ಇಟ್ಟುಕೊಂಡವರಿಗೆ ಹೆಸರು ಬೇರೆ ಕಾಣುತ್ತದೆ, ಜಾಗ ಅದೇ.

ನಂಬರ್ ಅಲ್ಲಾಡುತ್ತಿಲ್ಲ, ಸದ್ದು ಮಾತ್ರ ಬದಲಾಗುತ್ತಿದೆ

ಕಾಲ್ ಬಂದಾಗ ಅಥವಾ ಕಾಲ್ ಆ್ಯಪ್ ತೆರೆದಿದ್ದಾಗ ಮಾತ್ರ ಹಾಡಿನ ಸದ್ದು ಕುಸಿಯುತ್ತದಾ ಅಂತ ಮೊದಲು ಗಮನಿಸಿ. ಹೌದು ಅಂದರೆ ಇದು ರೋಗವೇ ಅಲ್ಲ, ವಿಂಡೋಸ್ ಬೇಕೆಂದೇ ಮಾಡುವ ಕೆಲಸ. ಯಾವುದಾದರೂ ಆ್ಯಪ್ ಮಾತುಕತೆ ಶುರು ಮಾಡಿದೆ ಅಂತ ವಿಂಡೋಸ್‌ಗೆ ಗೊತ್ತಾದರೆ ಉಳಿದೆಲ್ಲ ಸದ್ದನ್ನು 80% ಇಳಿಸುವುದು ಅದರ ಮೂಲ ಸೆಟ್ಟಿಂಗ್. ಮೀಟಿಂಗ್ ಮುಗಿದಿದೆ, ಆದರೆ ಬ್ರೌಸರ್‌ನಲ್ಲಿ ಆ ಟ್ಯಾಬ್ ಹಾಗೇ ಉಳಿದಿದೆ ಅಂತಿಟ್ಟುಕೊಳ್ಳಿ, ಆಗಲೂ ಹೀಗಾಗಬಹುದು. ಹೊರಗಿನಿಂದ ನೋಡುವವರಿಗೆ ಇದು ಕಾರಣವಿಲ್ಲದೆ ಸೌಂಡ್ ಬಿದ್ದ ಹಾಗೇ ಕಾಣುತ್ತದೆ.

ಇದನ್ನು ನಿಲ್ಲಿಸಲು ಸೆಟ್ಟಿಂಗ್ಸ್ ತೆರೆದು 'ಸಿಸ್ಟಮ್', ಅದರೊಳಗೆ 'ಸೌಂಡ್'. ಕೆಳಗೆ ಇಳಿಯುತ್ತಾ ಹೋದರೆ 'ಮೋರ್ ಸೌಂಡ್ ಸೆಟ್ಟಿಂಗ್ಸ್' ಸಿಗುತ್ತದೆ. ಒತ್ತಿದರೆ ಹಳೇ ಕಾಲದ ಸಣ್ಣ ಕಿಟಕಿ ತೆರೆಯುತ್ತದೆ, ಮೇಲ್ಗಡೆ ನಾಲ್ಕು ಟ್ಯಾಬ್, ಕೊನೆಯದು 'ಕಮ್ಯುನಿಕೇಷನ್ಸ್'. ಅಲ್ಲಿ ಕೊನೆಯ ಆಯ್ಕೆ 'ಡು ನಥಿಂಗ್' ಒತ್ತಿ, ಓಕೆ ಕೊಟ್ಟು, ಹಾಡು ಬರುತ್ತಿದ್ದ ಆ್ಯಪ್ ಒಮ್ಮೆ ಮುಚ್ಚಿ ತೆರೆಯಿರಿ. ವಿಂಡೋಸ್ 10ರಲ್ಲಿ ಅದೇ 'ಸೌಂಡ್' ಪುಟದಲ್ಲಿ ಇದಕ್ಕೆ 'ಸೌಂಡ್ ಕಂಟ್ರೋಲ್ ಪ್ಯಾನೆಲ್' ಅಂತ ಹೆಸರು. ಡಿಸ್ಕಾರ್ಡ್ ಬಳಸುವವರು ಒಂದು ನೆನಪಿಡಿ, ಇಂಥದೇ ಇನ್ನೊಂದು ಸೆಟ್ಟಿಂಗ್ ಅದರೊಳಗೂ ಇದೆ, ಹೆಸರು 'ಅಟೆನ್ಯುಯೇಷನ್'. ಅದನ್ನು ಸೊನ್ನೆಗೆ ಇಡಿ.

ಕಾಲ್‌ಗೂ ಇದಕ್ಕೂ ಸಂಬಂಧವೇ ಇಲ್ಲ, ಹಾಡು ಕೇಳುತ್ತಿರುವಾಗಲೇ ಉಬ್ಬಿ ಇಳಿಯುತ್ತದೆ ಅನ್ನುವವರಿಗೆ ಅಪ್ಪನ ಸ್ವಿಚ್. 'ಸಿಸ್ಟಮ್', 'ಸೌಂಡ್', ಅಲ್ಲಿ ಔಟ್‌ಪುಟ್ ಪಟ್ಟಿಯಲ್ಲಿ 'ಸ್ಪೀಕರ್ಸ್' ಮೇಲೆ ಒತ್ತಿ ಒಳಗೆ ಹೋಗಿ. 'ಆಡಿಯೋ ಎನ್‌ಹ್ಯಾನ್ಸ್‌ಮೆಂಟ್ಸ್' ಅಂತ ಒಂದು ಸಾಲು ಇರುತ್ತದೆ, ಅದನ್ನು 'ಆಫ್' ಮಾಡಿ. ತಾಳಮದ್ದಳೆ ಓಡುತ್ತಿರುವಾಗಲೇ ಇದನ್ನು ಮಾಡಿದರೆ ವ್ಯತ್ಯಾಸ ಆ ಕ್ಷಣಕ್ಕೇ ಕೇಳುತ್ತದೆ.

ಇಷ್ಟಕ್ಕೂ ಆ ಸೆಟ್ಟಿಂಗ್ ಮಾಡುತ್ತಿದ್ದ ಕೆಲಸ ಏನು? ಹಳೇ ಕಿಟಕಿಯಲ್ಲಿ 'ಸ್ಪೀಕರ್ಸ್' ಆಯ್ಕೆ ಮಾಡಿ 'ಪ್ರಾಪರ್ಟೀಸ್' ಒತ್ತಿದಾಗ ಬರುವ 'ಎನ್‌ಹ್ಯಾನ್ಸ್‌ಮೆಂಟ್ಸ್' ಟ್ಯಾಬ್‌ನಲ್ಲಿ ಕೆಲವರಿಗೆ 'ಲೌಡ್‌ನೆಸ್ ಈಕ್ವಲೈಸೇಷನ್' ಅನ್ನುವ ಹೆಸರು ಕಾಣುತ್ತದೆ. ಸಣ್ಣ ಸದ್ದನ್ನು ಎತ್ತುವುದು, ದೊಡ್ಡ ಸದ್ದನ್ನು ಅದುಮುವುದು, ಇದಿಷ್ಟೇ ಅದರ ಕೆಲಸ. ಸಿನಿಮಾದಲ್ಲಿ ಪಿಸುಮಾತು ಕೇಳುವುದಿಲ್ಲ, ಫೈಟ್ ಬಂದರೆ ಮನೆ ಅದುರುತ್ತದೆ ಅನ್ನುವವರಿಗೆ ಇದು ಒಳ್ಳೆಯದೇ. ಆದರೆ ಅದಕ್ಕೆ ಚೆಂಡೆ ಬೇರೆ, ಭಾಗವತರ ಕಂಠ ಬೇರೆ ಅಂತ ಗೊತ್ತಿಲ್ಲ. ಚೆಂಡೆಯ ಪೆಟ್ಟು ಅದುಮಲು ಹೋಗಿ ಜೊತೆಗಿದ್ದ ಹಾಡನ್ನೂ ಅದುಮುತ್ತದೆ, ಪೆಟ್ಟು ನಿಂತಮೇಲೆ ಹಿಡಿತ ಸಡಿಲಿಸಲು ಸ್ವಲ್ಪ ಸಮಯ ತೆಗೆದುಕೊಳ್ಳುತ್ತದೆ, ಆ ಸಮಯದಲ್ಲಿ ನಮಗೆ ಪದದ ಅರ್ಧ ಸಾಲು ಕೇಳುವುದೇ ಇಲ್ಲ. ನಮ್ಮ ಸಂಗೀತದಲ್ಲಿ, ಯಕ್ಷಗಾನದಲ್ಲಿ ಮೆಲ್ಲಗಿನದು ಮೆಲ್ಲಗೇ ಇರಬೇಕು, ಏರುಪದ ಏರಿಯೇ ಕೇಳಬೇಕು. ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದರೆ ಅದರ ಜೀವವೇ ಹೋಗುತ್ತದೆ ಅಲ್ವಾ.

ಇಲ್ಲಿ ಒಂದು ಎಚ್ಚರ. ವಿಂಡೋಸ್‌ನಲ್ಲಿ ಆಫ್ ಮಾಡಿದರೂ ಲ್ಯಾಪ್‌ಟಾಪ್ ಜೊತೆ ಬಂದ ಸೌಂಡ್ ಆ್ಯಪ್ ಒಂದು ಇರುತ್ತದೆ. ಡಾಲ್ಬಿ, ಡಿಟಿಎಸ್, ಮ್ಯಾಕ್ಸ್‌ಆಡಿಯೋ, ರಿಯಲ್‌ಟೆಕ್ ಆಡಿಯೋ ಕನ್ಸೋಲ್, ಹೀಗೆ ಯಾವುದಾದರೂ ಒಂದು. ಸ್ಟಾರ್ಟ್ ಮೆನುವಿನಲ್ಲಿ ಹುಡುಕಿ, ತೆರೆದು, ಒಳಗೆ 'ವಾಲ್ಯೂಮ್ ಲೆವೆಲರ್' ಅಥವಾ ಅದಕ್ಕೆ ಹತ್ತಿರದ ಹೆಸರು ಇದೆಯಾ ನೋಡಿ ಆಫ್ ಮಾಡಿ. 'ಡೈನಾಮಿಕ್', 'ಸ್ಮಾರ್ಟ್', 'ಆಟೋ' ಅಂತ ಹೆಸರಿಟ್ಟ ಮೋಡ್ ಆಯ್ಕೆಯಾಗಿದ್ದರೆ 'ಮ್ಯೂಸಿಕ್' ಮೋಡ್‌ಗೆ ಹಾಕಿ. ನಾನು ಸಾಮಾನ್ಯವಾಗಿ ಮೊದಲು ಇಲ್ಲೇ ಲೆವೆಲರ್ ಒಂದನ್ನೇ ತೆಗೆದು ನೋಡುತ್ತೇನೆ. ಯಾಕೆಂದರೆ ಎಲ್ಲ ಎನ್‌ಹ್ಯಾನ್ಸ್‌ಮೆಂಟ್ ಒಟ್ಟಿಗೆ ತೆಗೆದರೆ ಕೆಲವು ಲ್ಯಾಪ್‌ಟಾಪ್‌ಗಳ ಸದ್ದು ಡಬ್ಬದೊಳಗಿಂದ ಬಂದ ಹಾಗೆ ತೆಳ್ಳಗಾಗುತ್ತದೆ, ಒಟ್ಟು ವಾಲ್ಯೂಮ್ ಕೂಡ ಇಳಿಯುತ್ತದೆ. ಹಾಗಾದರೆ ಗಾಬರಿ ಬೇಡ, ಏನೂ ಹಾಳಾಗಿಲ್ಲ. ಆ ಸಣ್ಣ ಸ್ಪೀಕರ್‌ಗಳಿಗೆ ಅಂತಲೇ ಕಂಪನಿ ಹಾಕಿದ್ದ ತಿದ್ದುಪಡಿಯೂ ಜೊತೆಗೆ ಹೋಯಿತು ಅಷ್ಟೇ. ಮತ್ತೆ ಆನ್ ಮಾಡಿ, ಲೆವೆಲರ್ ಮಾತ್ರ ತೆಗೆಯಿರಿ.

ಒಂದೇ ಆ್ಯಪ್‌ನಲ್ಲಿ ಮಾತ್ರ ಹೀಗಾಗುತ್ತಿದ್ದರೆ ತಪ್ಪು ಲ್ಯಾಪ್‌ಟಾಪಿನದಲ್ಲ. ಯೂಟ್ಯೂಬ್‌ನ ಗೇರ್ ಚಿಹ್ನೆ ಒತ್ತಿದರೆ ಎಷ್ಟೋ ವಿಡಿಯೋಗಳಿಗೆ 'ಸ್ಟೇಬಲ್ ವಾಲ್ಯೂಮ್' ಅಂತ ಒಂದು ಆಯ್ಕೆ ಕಾಣುತ್ತದೆ. ಅದೂ ಲೆವೆಲರ್ ಮಾಡುವಂಥದೇ ಕೆಲಸ ಮಾಡುತ್ತದೆ, ಸಂಗೀತ ಕೇಳುವಾಗ ಆಫ್ ಇರಲಿ. ಸ್ಪಾಟಿಫೈ ಸೆಟ್ಟಿಂಗ್ಸ್‌ನಲ್ಲಿ 'ನಾರ್ಮಲೈಸ್ ವಾಲ್ಯೂಮ್' ಇದೆ. ಅದು ಒಂದು ಹಾಡಿಗೂ ಮುಂದಿನ ಹಾಡಿಗೂ ಮಟ್ಟ ಹೊಂದಿಸುತ್ತದೆ, ಅದನ್ನು ಇಟ್ಟುಕೊಂಡರೂ ತೊಂದರೆ ಕಡಿಮೆ.

ಒಂದು ವಿಡಿಯೋದಿಂದ ಇನ್ನೊಂದಕ್ಕೆ ಹೋದಾಗ ಸದ್ದು ಬದಲಾಗುವುದು ಯಾಕೆ ಅಂತ ಕಣ್ಣಾರೆ ನೋಡಬೇಕಾ? ವಿಡಿಯೋ ಮೇಲೆ ಮೌಸ್‌ನ ಬಲಗುಂಡಿ ಒತ್ತಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆಯಿರಿ. 'ವಾಲ್ಯೂಮ್ / ನಾರ್ಮಲೈಸ್ಡ್' ಅನ್ನುವ ಸಾಲಿನಲ್ಲಿ 100% / 63%, ಪಕ್ಕದಲ್ಲಿ 4 ಡೆಸಿಬಲ್ (ಸದ್ದಿನ ಜೋರು ಅಳೆಯುವ ಮಾನ) ಅಂತ ಇದ್ದರೆ, ಆ ವಿಡಿಯೋ 4 ಡೆಸಿಬಲ್ ಜಾಸ್ತಿ ಜೋರಾಗಿತ್ತು, ಅದಕ್ಕೆ ಯೂಟ್ಯೂಬ್ 63%ಕ್ಕೆ ಇಳಿಸಿದೆ ಅಂತ. ಜೋರಾಗಿರುವುದನ್ನು ಅದು ಇಳಿಸುತ್ತದೆ. ಆದರೆ ಡೆಸಿಬಲ್ ಲೆಕ್ಕ ಮೈನಸ್‌ನಲ್ಲಿ ಇರುವ, ಮೆಲ್ಲಗೆ ರೆಕಾರ್ಡ್ ಆದ ವಿಡಿಯೋವನ್ನು ಈ ಲೆಕ್ಕದಲ್ಲಿ ಎತ್ತಿ ಕೊಡುವುದಿಲ್ಲ. ಹಳೇ ಕ್ಯಾಸೆಟ್‌ನಿಂದ ಹಾಕಿದ ಪ್ರಸಂಗಗಳು ಸಣ್ಣಗೆ ಕೇಳುವುದಕ್ಕೆ ಇದೂ ಒಂದು ಕಾರಣ. ಅವಕ್ಕೆ ನಾವೇ ವಾಲ್ಯೂಮ್ ಏರಿಸಿಕೊಳ್ಳಬೇಕು.

ಇನ್ನು ವಾಲ್ಯೂಮ್ 90, 100 ಇಟ್ಟಾಗ ಮಾತ್ರ, ಅದೂ ದಪ್ಪ ಸದ್ದು ಬಂದಾಗ ಮಾತ್ರ ಸೌಂಡ್ ಅದುಮಿದ ಹಾಗಾಗುತ್ತದಾ? 50ಕ್ಕೆ ಇಳಿಸಿ ಕೇಳಿ. ಆಗ ಸರಿ ಇದ್ದರೆ ಅದು ಸ್ಪೀಕರ್ ತನ್ನನ್ನು ತಾನು ಕಾಪಾಡಿಕೊಳ್ಳುವ ರೀತಿ. ಬೆರಳಗಲದ ಸ್ಪೀಕರ್‌ನಿಂದ ಜಾಸ್ತಿ ಸದ್ದು ಹೊರಡಿಸುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ, ಅದು ಬಿಸಿಯಾಗದ ಹಾಗೆ, ಅದರ ಪೊರೆ ಹರಿಯದ ಹಾಗೆ ಆಂಪ್ಲಿಫೈಯರ್ ಚಿಪ್ಪೇ ಸದ್ದನ್ನು ತಡೆಯುತ್ತದೆ. ಇದಕ್ಕೆ ಸೆಟ್ಟಿಂಗ್ ಹುಡುಕಬೇಡಿ, ತೆಗೆಯಲೂ ಹೋಗಬೇಡಿ. ಜೋರಾಗಿ ಬೇಕು ಅಂದರೆ ಹೊರಗೆ ಒಂದು ಸ್ಪೀಕರ್ ಇಟ್ಟುಕೊಳ್ಳುವುದೇ ದಾರಿ.

ಒಂದು ಆ್ಯಪ್ ತೆರೆದ ಕೂಡಲೇ ಬೇರೆ ಎಲ್ಲದರ ಸದ್ದು ಪೂರ್ತಿ ನಿಂತುಹೋಗುವುದು ಇನ್ನೊಂದು ಬಗೆ. ಹಳೇ ಕಿಟಕಿಯಲ್ಲಿ 'ಸ್ಪೀಕರ್ಸ್' ಆಯ್ಕೆ ಮಾಡಿ 'ಪ್ರಾಪರ್ಟೀಸ್', ಅದರಲ್ಲಿ 'ಅಡ್ವಾನ್ಸ್ಡ್'. 'ಎಕ್ಸ್‌ಕ್ಲೂಸಿವ್ ಮೋಡ್' ಕೆಳಗಿನ ಎರಡೂ ಟಿಕ್ ತೆಗೆದರೆ ಮುಗಿಯಿತು.

ನಂಬರೇ ತಾನಾಗಿ ಓಡುತ್ತಿದೆ

ಇಲ್ಲಿ ಸೆಟ್ಟಿಂಗ್ಸ್ ಮುಟ್ಟುವ ಮೊದಲು ವೈರ್‌ಗಳನ್ನು ಮುಟ್ಟಿ. ಯುಎಸ್‌ಬಿ ಕೀಬೋರ್ಡ್, ಮೌಸ್, ವೈರ್‌ಲೆಸ್ ಮೌಸ್‌ನ ಆ ಪುಟ್ಟ ರಿಸೀವರ್, ಹೆಡ್‌ಸೆಟ್, ಎಲ್ಲ ತೆಗೆಯಿರಿ. ಬ್ಲೂಟೂತ್ ಆಫ್ ಮಾಡಿ. ಮತ್ತೆ ತಂಬೂರಿ ಹಾಕಿ ಐದು ನಿಮಿಷ ನೋಡಿ. ನಂಬರ್ ಓಡುವುದು ನಿಂತಿತಾ? ಹಾಗಾದರೆ ಒಂದೊಂದನ್ನೇ ವಾಪಸ್ ಹಾಕುತ್ತಾ ಬನ್ನಿ, ಯಾವುದನ್ನು ಹಾಕಿದಾಗ ಶುರುವಾಗುತ್ತದೋ ಅದೇ ಕಳ್ಳ.

ತಿರುಗಿಸುವ ವಾಲ್ಯೂಮ್ ಗುಂಡಿ ಇರುವ ಕೀಬೋರ್ಡ್‌ಗಳು ಸ್ವಲ್ಪ ಹಳೆಯದಾದಮೇಲೆ ಹೀಗೆ ಮಾಡುತ್ತವೆ. ಒಳಗೆ ಧೂಳು ಕೂತು, ನೀವು ಏರಿಸಲು ತಿರುಗಿಸಿದರೆ ನಾಲ್ಕು ಮೇಲೆ ಹೋಗಿ ಎರಡು ಕೆಳಗೆ ಬರುತ್ತದೆ, ಕೆಲವೊಮ್ಮೆ ಮೇಜು ಅಲುಗಾಡಿದರೂ ಸಾಕು. ಮೌಸ್‌ನ ಚಕ್ರವೂ ಇದಕ್ಕೆ ಕಾರಣ ಆಗಬಹುದು. ವಿಂಡೋಸ್ 11ರಲ್ಲಿ ಬಾಣದ ಗುರುತು ಟಾಸ್ಕ್‌ಬಾರ್‌ನ ಸ್ಪೀಕರ್ ಚಿಹ್ನೆಯ ಮೇಲಿದ್ದಾಗ ಚಕ್ರ ತಿರುಗಿದರೆ ವಾಲ್ಯೂಮ್ ಬದಲಾಗುತ್ತದೆ. ಇದು ಗೊತ್ತಿಲ್ಲದೆ ಭೂತ ಹೊಕ್ಕಿದೆ ಅಂದುಕೊಂಡವರನ್ನು ನಾನು ನೋಡಿದ್ದೇನೆ.

ಟಚ್‌ಪ್ಯಾಡ್ ಬಗ್ಗೆ ಜಾಸ್ತಿ ಜನ ಯೋಚಿಸುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ 'ಬ್ಲೂಟೂತ್ ಅಂಡ್ ಡಿವೈಸಸ್', ಒಳಗೆ 'ಟಚ್‌ಪ್ಯಾಡ್'. ಮೂರು ಬೆರಳು, ನಾಲ್ಕು ಬೆರಳಿನ ಸನ್ನೆಗಳಲ್ಲಿ ಯಾವುದಕ್ಕಾದರೂ 'ಚೇಂಜ್ ಆಡಿಯೋ ಅಂಡ್ ವಾಲ್ಯೂಮ್' ಅಂತ ಇದ್ದರೆ ಬದಲಿಸಿ. ಆಸುಸ್‌ನ ಹೊಸ ಲ್ಯಾಪ್‌ಟಾಪ್ ಕೆಲವದರಲ್ಲಿ ಇನ್ನೂ ಒಂದಿದೆ. ಟಚ್‌ಪ್ಯಾಡಿನ ಎಡ ಅಂಚಿನಲ್ಲಿ ಒಂದೇ ಬೆರಳು ಮೇಲೆ ಕೆಳಗೆ ಜಾರಿಸಿದರೆ ವಾಲ್ಯೂಮ್, ಬಲ ಅಂಚಿನಲ್ಲಿ ಜಾರಿಸಿದರೆ ಬೆಳಕು ಬದಲಾಗುತ್ತದೆ. ಟೈಪ್ ಮಾಡುವಾಗ ಹೆಬ್ಬೆರಳಿನ ಬುಡ ಅಲ್ಲಿ ತಾಗಿದರೂ ಕೆಲಸ ಮಾಡೀತು. ಟೈಪ್ ಮಾಡುವಾಗ ಮಾತ್ರ ಸೌಂಡ್ ಏರಿಳಿಯುತ್ತದೆ, ಸುಮ್ನೆ ಇಟ್ಟರೆ ಏನೂ ಆಗುವುದಿಲ್ಲ ಅನ್ನುವವರು ಮೊದಲು ಈ ಸನ್ನೆ ಆಫ್ ಮಾಡಿ ನೋಡಿ.

ನಂಬರ್ ಮೆಲ್ಲಗೆ ಓಡದೆ 40ರಿಂದ 85ಕ್ಕೆ ಒಮ್ಮೆಲೇ ಹಾರುತ್ತದೆ, ಮತ್ತೆ 40ಕ್ಕೆ ಬರುತ್ತದೆ ಅಂದರೆ ಇಯರ್‌ಫೋನ್ ಜಾಕ್ ನೋಡಿ. ವಿಂಡೋಸ್ ಸ್ಪೀಕರ್‌ಗೆ ಒಂದು, ಇಯರ್‌ಫೋನ್‌ಗೆ ಒಂದು, ಬ್ಲೂಟೂತ್‌ಗೆ ಒಂದು ಅಂತ ಬೇರೆಬೇರೆ ವಾಲ್ಯೂಮ್ ನೆನಪಿಟ್ಟುಕೊಳ್ಳುತ್ತದೆ. ಜಾಕ್‌ನೊಳಗೆ ಕೊಳೆ ಸೇರಿದ್ದರೆ ಅಥವಾ ಅದರ ಎಸಳು ಸಡಿಲವಾಗಿದ್ದರೆ, ಇಯರ್‌ಫೋನ್ ಹಾಕದಿದ್ದರೂ ಹಾಕಿದ್ದಾರೆ ಅಂತ ಲ್ಯಾಪ್‌ಟಾಪ್ ತಿಳಿದುಕೊಳ್ಳುತ್ತದೆ. ಆಗ ಸ್ಪೀಕರ್‌ನ ಸದ್ದು ಒಂದು ಕ್ಷಣ ನಿಂತು ಮತ್ತೆ ಬರುತ್ತದೆ, ಅದೇ ಗುರುತು. ಟಾರ್ಚ್ ಹಾಕಿ ಒಳಗೆ ನೋಡಿ, ಧೂಳಿನ ಉಂಡೆ ಕಂಡೀತು. ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ, ಅದೂ ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ. ಸೂಜಿ, ಪಿನ್ನು ದಯವಿಟ್ಟು ಹಾಕಬೇಡಿ.

ಎಲ್ಲ ತೆಗೆದರೂ ನಂಬರ್ ಓಡುತ್ತಿದ್ದರೆ ಉಳಿದದ್ದು ಲ್ಯಾಪ್‌ಟಾಪಿನದೇ ವಾಲ್ಯೂಮ್ ಕೀ. ಮೇಲಿನ ಸಾಲಿನಲ್ಲಿರುವ ಆ ಕೀಗಳನ್ನು ಒಂದೊಂದಾಗಿ ಒತ್ತಿ ಬಿಡಿ. ಪಕ್ಕದ ಕೀಗಳ ಹಾಗೆ ಟಪ್ ಅಂತ ಮೇಲೆ ಬರುತ್ತದಾ, ಇಲ್ಲ ಅಂಟಿಕೊಂಡ ಹಾಗೆ ನಿಧಾನಕ್ಕೆ ಏಳುತ್ತದಾ? ಸಕ್ಕರೆ ಹಾಕಿದ ಚಹಾ ಚೆಲ್ಲಿದ್ದರೆ ತಿಂಗಳ ನಂತರವೂ ಹೀಗೆ ಅಂಟುತ್ತದೆ. ಆಫ್ ಮಾಡಿ, ಚಾರ್ಜರ್ ತೆಗೆದು, ಕಿವಿ ಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪವೇ ಹಚ್ಚಿ ಕೀಯ ಅಂಚುಗಳಲ್ಲಿ ಒರೆಸಿ, ಒಣಗಲು ಬಿಡಿ. ಕೀ ಮುಚ್ಚಳ ಎಬ್ಬಿಸಲು ಹೋಗಬೇಡಿ. ಕೆಳಗಿನ ಕತ್ತರಿಯಾಕಾರದ ಪ್ಲಾಸ್ಟಿಕ್ ಕೂದಲೆಳೆಯಷ್ಟು ತೆಳುವಾಗಿರುತ್ತದೆ, ಒಮ್ಮೆ ಮುರಿದರೆ ಆ ಕೀ ಮತ್ತೆ ನಿಲ್ಲುವುದಿಲ್ಲ.

ಕೀ ಹಾಳೋ, ವಿಂಡೋಸ್‌ನಲ್ಲೇ ತೊಂದರೆಯೋ ಅಂತ ಇನ್ನೂ ಅನುಮಾನ ಇದ್ದರೆ ಉಬುಂಟು (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಹಾಕಿದ ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಆನ್ ಮಾಡಿ. ಇನ್‌ಸ್ಟಾಲ್ ಮಾಡುವುದು ಬೇಡ, 'ಟ್ರೈ ಉಬುಂಟು' ಒತ್ತಿದರೆ ಸಾಕು, ನಿಮ್ಮ ಫೈಲ್‌ಗಳು ಹಾಗೇ ಇರುತ್ತವೆ. ಅಲ್ಲಿಯೂ ಪರದೆ ಮೇಲೆ ವಾಲ್ಯೂಮ್ ಪಟ್ಟಿ ತಾನಾಗಿ ಬರುತ್ತಿದ್ದರೆ ಕೀಬೋರ್ಡ್ ಅಥವಾ ಜಾಕ್ ದುರಸ್ತಿ ಆಗಬೇಕು, ವಿಂಡೋಸ್ ಹತ್ತು ಸಲ ಫಾರ್ಮ್ಯಾಟ್ ಮಾಡಿದರೂ ಉಪಯೋಗವಿಲ್ಲ.

ಅಪ್‌ಡೇಟ್ ಆದಮೇಲೆ ಶುರುವಾಗಿದ್ದರೆ

ನಿನ್ನೆವರೆಗೆ ಸರಿ ಇತ್ತು, ಅಪ್‌ಡೇಟ್ ಆದಮೇಲೆ ಹೀಗಾಯಿತು ಅನ್ನುವವರು ಮೇಲಿನ ಎನ್‌ಹ್ಯಾನ್ಸ್‌ಮೆಂಟ್ ಸ್ವಿಚ್ ಇನ್ನೊಮ್ಮೆ ನೋಡಿ. ಹೊಸ ಡ್ರೈವರ್ ಬಂದಾಗ ಅದು ಮತ್ತೆ ಆನ್ ಆಗಿರಬಹುದು. ಅದು ಆಫ್ ಇದ್ದೂ ತೊಂದರೆ ಇದ್ದರೆ ಸ್ಟಾರ್ಟ್ ಗುಂಡಿ ಮೇಲೆ ಬಲಗುಂಡಿ ಒತ್ತಿ 'ಡಿವೈಸ್ ಮ್ಯಾನೇಜರ್' ತೆರೆದು, 'ಸೌಂಡ್, ವಿಡಿಯೋ ಅಂಡ್ ಗೇಮ್ ಕಂಟ್ರೋಲರ್ಸ್' ಒಳಗೆ ನಿಮ್ಮ ಆಡಿಯೋ ಹೆಸರಿನ ಮೇಲೆ ಎರಡು ಸಲ ಒತ್ತಿ, 'ಡ್ರೈವರ್' ಟ್ಯಾಬ್‌ನಲ್ಲಿ 'ರೋಲ್ ಬ್ಯಾಕ್ ಡ್ರೈವರ್'. ಆ ಗುಂಡಿ ಮಂಕಾಗಿದ್ದರೆ ಹಿಂದಿನ ಡ್ರೈವರ್ ಉಳಿದಿಲ್ಲ ಅಂತ. ಆಗ ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟದಲ್ಲಿ ನಿಮ್ಮ ಮಾಡೆಲ್ ನಂಬರ್ ಕೊಟ್ಟು ಅಲ್ಲಿನದನ್ನೇ ಹಾಕಿ. ಡ್ರೈವರ್ ಹುಡುಕಿ ಕೊಡುತ್ತೇವೆ ಅನ್ನುವ ಬೇರೆ ಸಾಫ್ಟ್‌ವೇರ್‌ಗಳ ಹತ್ತಿರವೂ ಹೋಗಬೇಡಿ. ಮೈಕ್ರೋಸಾಫ್ಟ್‌ನ ಸಾದಾ 'ಹೈ ಡೆಫಿನಿಷನ್ ಆಡಿಯೋ ಡಿವೈಸ್' ಡ್ರೈವರ್ ಹಾಕುವುದೂ ಒಂದು ದಾರಿ, ಹಳೇ ಲ್ಯಾಪ್‌ಟಾಪ್‌ಗಳಿಗೆ ಚೆನ್ನಾಗಿ ಒಗ್ಗುತ್ತದೆ. ಹೊಸದರಲ್ಲಿ ಕೆಲವು ಪೂರ್ತಿ ಮೌನವಾಗಬಹುದು, ಹಾಗಾದರೆ ಕಂಪನಿಯದನ್ನೇ ವಾಪಸ್ ಹಾಕಿ.

ಕೇಳುವ ಸದ್ದು ಸರಿ ಇದೆ, ಮೀಟಿಂಗ್‌ನಲ್ಲಿ ನನ್ನ ಧ್ವನಿ ಏರಿಳಿಯುತ್ತದೆ ಅಂತ ಆ ಕಡೆಯವರು ಹೇಳುತ್ತಾರೆ ಅನ್ನುವುದು ಬೇರೆ ವಿಷಯ. ಅದು ಮೈಕಿನದು. ಜೂಮ್‌ನ ಆಡಿಯೋ ಸೆಟ್ಟಿಂಗ್‌ನಲ್ಲಿ 'ಆಟೋಮ್ಯಾಟಿಕಲಿ ಅಡ್ಜಸ್ಟ್ ಮೈಕ್ರೋಫೋನ್ ವಾಲ್ಯೂಮ್' ಟಿಕ್ ತೆಗೆದು ನೋಡಿ.

ಅಂಗಡಿಗೆ ಹೋಗಲೇಬೇಕಾದರೆ

ಲ್ಯಾಪ್‌ಟಾಪಿನ ಮುಚ್ಚಳ ಹಿಂದೆ ಮುಂದೆ ಮಾಡಿದಾಗ ಅಥವಾ ಅಂಗೈ ಊರಿದಾಗ ಸದ್ದು ಬದಲಾದರೆ, ಒಂದು ಕಡೆಯ ಸ್ಪೀಕರ್ ಗರಗರ ಅಂದರೆ, ಆಗ ನಿಜಕ್ಕೂ ಒಳಗಿನ ವೈರ್ ಅಥವಾ ಸ್ಪೀಕರ್ ನೋಡಬೇಕು. ಹೋಗುವ ಮೊದಲು ಫೋನಿನಲ್ಲಿ ಒಂದು ನಿಮಿಷದ ವಿಡಿಯೋ ಮಾಡಿಕೊಳ್ಳಿ. ತಂಬೂರಿ ಓಡುತ್ತಿರಲಿ, ಪರದೆಯ ವಾಲ್ಯೂಮ್ ನಂಬರ್ ಕಾಣುತ್ತಿರಲಿ, ಸದ್ದು ಬದಲಾಗುವುದು ಕೇಳಲಿ. ಅಂಗಡಿಯಲ್ಲಿ ಆನ್ ಮಾಡಿದಾಗ ಅದು ಸರಿಯಾಗೇ ಕೆಲಸ ಮಾಡುವ ಸಾಧ್ಯತೆ ಇರುತ್ತದೆ, ಆಗ ತೋರಿಸಲು ನಿಮ್ಮ ಕೈಯಲ್ಲಿ ಏನಾದರೂ ಬೇಕಲ್ಲ. ಯಾವ ಯಾವ ಸೆಟ್ಟಿಂಗ್ ಆಫ್ ಮಾಡಿ ನೋಡಿದ್ದೀರಿ, ಉಬುಂಟುವಿನಲ್ಲಿ ಏನಾಯಿತು, ಎರಡೂ ಹೇಳಿ. ಸ್ಪೀಕರ್ ಬದಲಿಸಬೇಕು ಅಂದರೆ, ಇಯರ್‌ಫೋನ್ ಹಾಕಿ ಅದೇ ಪದ ಅವರಿಗೂ ಕೇಳಿಸಿ. ಅದರಲ್ಲಿಯೂ ಸದ್ದು ಏರಿ ಇಳಿದರೆ, ಇಯರ್‌ಫೋನ್‌ನಲ್ಲಿ ಆ ಸ್ಪೀಕರ್ ಇಲ್ಲವಲ್ಲ ಅಂತ ಕೇಳಿ, ಬಿಚ್ಚುವ ಮೊದಲೇ.